ಕೊತ್ವಾಲನಿಲ್ಲದ ರಾಜಧಾನಿಯಲ್ಲಿ

ತೈಮೂರ ವಂಶದ ಷಾರುಖ್ ದೊರೆಯ ರಾಯಭಾರಿಯಾಗಿ ಹೆರಾತ್ ನಗರದಿಂದ ಹೊರಟು, ಕಡಲು ದಾಟಿ ಕಲ್ಲಿಕೋಟೆಯಲ್ಲಿಳಿದು, ಅಲ್ಲಿಂದ ಪ್ರೌಢದೇವರಾಯನ ಕರೆಯ ಮೇರೆಗೆ 1443ರಲ್ಲಿ ವಿಜಯನಗರವನ್ನು ಸೇರಿದ ಅಬ್ದುರ್ ರಜಾಕನು, ಆ ನಗರದ ಏಳು ಕೋಟೆಗಳನ್ನೂ ರತ್ನಪಡಿ ಅಂಗಡಿಗಳನ್ನೂ ಬಣ್ಣಿಸಿದ್ದನ್ನು ನಮ್ಮ ಪಠ್ಯಪುಸ್ತಕಗಳು ಪೀಳಿಗೆಯಿಂದ ಪೀಳಿಗೆಗೆ ಒಪ್ಪಿಸುತ್ತ ಬಂದಿವೆಯಾದರೂ, ಅದೇ ವೃತ್ತಾಂತದಲ್ಲಿ ಆತನು ಟಂಕಸಾಲೆಯ ಎದುರಿಗಿದ್ದ ಕೊತ್ವಾಲನ ಕಚೇರಿಯ ವಿಷಯವಾಗಿ ಬರೆದಿರುವ ಕೆಲವು ಸಾಲುಗಳು ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಂತಿಲ್ಲ. ಆ ಕಚೇರಿಯ ಅಧೀನದಲ್ಲಿ 12,000 ಮಂದಿ ಕಾವಲುಗಾರರಿದ್ದರೆಂದೂ, ಅವರ ದಿನದ ವೇತನವಾದ 12,000 ಪಣಗಳು ವೇಶ್ಯಾವಾಟಿಕೆಯ ಸುಂಕದಿಂದ ಸಲ್ಲುತ್ತಿದ್ದುವೆಂದೂ, ಏಳು ಕೋಟೆಗಳೊಳಗೆ ನಡೆಯುವ ಸಮಸ್ತ ಸಂಗತಿಗಳನ್ನು ತಿಳಿದಿರುವುದೂ ಕಳವಾದ ಒಡವೆಯನ್ನು ಪತ್ತೆಹಚ್ಚಿ ತಂದುಕೊಡುವುದೂ ಅವರ ಕರ್ತವ್ಯವಾಗಿತ್ತೆಂದೂ, ತಪ್ಪಿದರೆ ದಂಡವನ್ನು ಅವರೇ ತೆರಬೇಕಾಗಿತ್ತೆಂದೂ ಆತನು ಹೇಳುತ್ತಾನೆ. ಇದು ಬರಿಯ ಕೇಳಿಕೆಯ ಮಾತಲ್ಲ. ಅವನ ಜೊತೆಗಾರನು ಕೊಂಡಿದ್ದ ಕೆಲವರು ಗುಲಾಮರು ತಲೆಮರೆಸಿಕೊಂಡು ಓಡಿಹೋದಾಗ, ಕೊತ್ವಾಲನು ಆ ಕೇರಿಯ ಕಾವಲಿನವರನ್ನು ಕರೆಸಿ, ಹಿಡಿದು ತನ್ನಿ ಅಥವಾ ಬೆಲೆ ಕಟ್ಟಿಕೊಡಿ ಎಂದು ವಿಧಿಸಲು, ಅವರು ಬೆಲೆಯನ್ನು ವಿಚಾರಿಸಿಕೊಂಡು ತೆತ್ತರಂತೆ. ಓಡಿಹೋದ ಆ ಬಡಪಾಯಿಗಳು ಸಿಕ್ಕಲಿಲ್ಲವಲ್ಲ ಎಂದು ಈಗ ಓದುವ ನಮಗೆ ಒಳಗೊಳಗೆ ಸಂತೋಷವೇ ಆಗುತ್ತದೆ; ಆದರೆ ಆ ವ್ಯವಸ್ಥೆಯ ತತ್ತ್ವವನ್ನು ಗಮನಿಸಬೇಕು. ಪರಸ್ಥಳದವನಿಗೆ ನಷ್ಟವಾದರೆ ಅದಕ್ಕೆ ಹೊಣೆ ನಗರದ್ದು. ಸುಮಾರು ಒಂದು ಶತಮಾನದ ತರುವಾಯ, ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನೂ ಇದೇ ಅರ್ಥದ ಮಾತನ್ನಾಡಿ, ಆದಕಾರಣ ರಾಜಧಾನಿಯಲ್ಲಿ ಕಳವು ಬಹಳ ಕಡಿಮೆ ಎಂದು ಸೇರಿಸುತ್ತಾನೆ.

ಇಂದು ಹಂಪಿಯನ್ನು ಕಾಣಹೋಗುವ ನಾವು ಪ್ರವೇಶಿಸುವುದು ಆ ಕೊತ್ವಾಲನೂ ಆ 12,000 ಕಾವಲಿನವರೂ ಇಲ್ಲದ, ಕದಗಳಿಲ್ಲದ ಬಾಗಿಲುಗಳ, ಸೂರಿಲ್ಲದ ಅರಮನೆಗಳ ನಗರವನ್ನು. ಪುರಾತತ್ತ್ವ ಇಲಾಖೆಯ ಸಿಬ್ಬಂದಿ ಇದ್ದಾರೆ, ಪೊಲೀಸ್ ಠಾಣೆ ಇದೆ, ಪ್ರವಾಸೋದ್ಯಮ ಇಲಾಖೆಯವರು ನೇಮಿಸಿರುವ ‘ಪ್ರವಾಸಿ ಮಿತ್ರ’ರೂ ಅಲ್ಲಲ್ಲಿ ಕಾಣಸಿಗುತ್ತಾರೆ, ಆದರೆ ಹತ್ತಾರು ಚದರ ಮೈಲಿಗಳಲ್ಲಿ ಚೆದುರಿಬಿದ್ದಿರುವ ಸಾವಿರಾರು ಸ್ಮಾರಕಗಳ ನಡುವೆ ಇವರ ಸಂಖ್ಯೆ ಎಷ್ಟರದು? ಹಂಪಿಯ ಜನ ಸುಸ್ವಭಾವದವರು. ವರ್ಷಂಪ್ರತಿ ಬಂದುಹೋಗುವ ಲಕ್ಷಾಂತರ ಯಾತ್ರಿಕರಲ್ಲಿ ಬಹುತೇಕರು ಕಾಲುನೋವನ್ನು ಬಿಟ್ಟರೆ ಇನ್ನಾವ ತೊಂದರೆಯೂ ಇಲ್ಲದೆ ಮನೆ ಸೇರುತ್ತಾರೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆದರೂ ಈ ಸ್ಥಳಕ್ಕೆ ಒಂದು ವಿಶೇಷವಿದೆ. ಸಂಗಮ ವಂಶದ ಸೋದರರು ರಾಜಧಾನಿಗೆಂದು ಇದನ್ನು ಆರಿಸಿದ್ದು ಇದು ಸುಗಮವಾಗಿತ್ತೆಂದಲ್ಲ, ದುರ್ಗಮವಾಗಿತ್ತೆಂದು. ಉತ್ತರಕ್ಕೆ ಬಂಡೆಗಳ ನಡುವೆ ನೊರೆಗರೆಯುವ ಹೊಳೆ, ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತಹ ಕಲ್ಲುಗುಂಡುಗಳ ಬೆಟ್ಟಗಳು, ಆ ಬೆಟ್ಟಗಳ ನಡುವೆ ಇಬ್ಬರು ಒಟ್ಟಿಗೆ ನಡೆಯಲಾರದ ಇಕ್ಕಟ್ಟಿನ ಹಾದಿಗಳು: ಬಂದ ಶತ್ರು ದಾರಿ ತಪ್ಪಬೇಕು, ಅಡಗಿದವನು ಕಾಣಬಾರದು, ಹೊಳೆಯನ್ನು ತಿಳಿಯದವನು ಅದನ್ನು ದಾಟಬಾರದು. ಆ ಬಂಡೆಗಳೂ ಆ ಹೊಳೆಯೂ ತಮ್ಮ ಕೆಲಸವನ್ನು ಇಂದಿಗೂ ಬಿಟ್ಟಿಲ್ಲ. ಬಂದವನು ಶತ್ರುವೋ ಅತಿಥಿಯೋ ಎಂಬ ಭೇದ ಮಾತ್ರ ಅವಕ್ಕೆ ತಿಳಿಯದು. ಹಂಪಿಯಲ್ಲಿ ಯಾತ್ರಿಕನಿಗೊದಗುವ ಅಪಾಯಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವು ಮನುಷ್ಯನಿಂದ ಬರಲಿ, ಮುಗಿಲಿನಿಂದ ಬರಲಿ, ಹೊಳೆಯಿಂದ ಬರಲಿ, ಬಹುಮಟ್ಟಿಗೆ ಎಲ್ಲವೂ ಈ ಪುರಾತನ ದುರ್ಗಮತೆಯ ಬೇರಿನಿಂದಲೇ ಚಿಗುರಿದವು ಎಂಬುದು ಗೊತ್ತಾಗುತ್ತದೆ.

ಮತಂಗ ಪರ್ವತವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ವಾಲಿಗೆ ಹೆದರಿದ ಸುಗ್ರೀವನು ನಿರ್ಭಯವಾಗಿ ನೆಲೆಸಿದ್ದು ಮತಂಗ ಮುನಿಯ ಶಾಪದ ಕಾವಲಿದ್ದ ಈ ಪ್ರಾಂತದಲ್ಲಿಯೇ ಎಂದು ಸ್ಥಳೀಯರ ನಂಬಿಕೆ. ವಾಲಿ ಇತ್ತ ಕಾಲಿಟ್ಟರೆ ಸಾವು ನಿಶ್ಚಿತ ಎಂಬುದು ಆ ಶಾಪ. ಅಂತಹ ಅಭಯಸ್ಥಾನವೇ ನಮ್ಮ ಕಾಲದಲ್ಲಿ, ಒಂಟಿಯಾಗಿ ಹತ್ತಬೇಡಿ ಎಂದು ಪ್ರವಾಸ ಕೈಪಿಡಿಗಳೆಲ್ಲ ಎಚ್ಚರಿಸುವ ಸ್ಥಳವಾದದ್ದು ವಿಧಿಯ ವಿನೋದವೆನ್ನಬೇಕು. ಶಿಖರದ ವೀರಭದ್ರ ದೇವಾಲಯದ ಮಾಳಿಗೆಯ ಮೇಲೆ ನಿಂತು ಸೂರ್ಯೋದಯವನ್ನು ಕಾಣಬೇಕಾದರೆ ಕತ್ತಲಿರುವಾಗಲೇ ಹೊರಡಬೇಕು. ಹಾದಿಯು ಅಚ್ಯುತರಾಯ ದೇವಾಲಯದ ಕಡೆಯಿಂದಾಗಲಿ ವಿರೂಪಾಕ್ಷ ಬಜಾರಿನ ಪೂರ್ವದ ತುದಿಯಿಂದಾಗಲಿ, ಬಂಡೆಗಳ ಸಂದಿಯಲ್ಲೇ ಏರುತ್ತದೆ. ಕೈಯಲ್ಲಿ ಬೆಲೆಬಾಳುವ ಕ್ಯಾಮೆರಾ, ಜೇಬಿನಲ್ಲಿ ಹಣ, ಸುತ್ತಮುತ್ತ ಕೂಗಿದರೆ ಕೇಳುವವರಿಲ್ಲ. ಈ ಮೂರೂ ಒಂದು ಸ್ಥಳದಲ್ಲಿ ಪ್ರತಿದಿನವೂ ಒಂದೇ ಹೊತ್ತಿಗೆ ಒದಗುತ್ತವೆಂದು ಗೊತ್ತಿರುವ ಒಬ್ಬ ಪುಂಡನಿದ್ದರೆ ಸಾಕು, ಚಾಕು ತೋರಿಸಿ ಕಸಿದುಕೊಳ್ಳುವುದಕ್ಕೆ ಅವನಿಗೆ ವಿಶೇಷ ಪ್ರತಿಭೆಯೇನೂ ಬೇಕಾಗುವುದಿಲ್ಲ. ಹಿಂದೆ ವಿರೂಪಾಕ್ಷ ದೇವಾಲಯದ ಆವರಣದ ಪೊಲೀಸ್ ಚೌಕಿಯಲ್ಲಿ ವಿದೇಶೀ ಯಾತ್ರಿಕರು ಹೆಸರು ಬರೆಸಬೇಕೆಂಬ ಕ್ರಮವಿತ್ತು. ಅದು ಕಿರಿಕಿರಿಯೆಂದು ಗೊಣಗಿದವರೂ ಉಂಟು. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬುದನ್ನು ತಿಳಿದಿರುವ ಒಬ್ಬ ಮನುಷ್ಯನಾದರೂ ಊರಿನಲ್ಲಿರುವುದು, ಬೆಟ್ಟ ಹತ್ತುವವನಿಗೆ ಕೈದೀಪಕ್ಕಿಂತ ಹೆಚ್ಚಿನ ಬಲ ಎಂಬುದು ನನ್ನ ಅಭಿಪ್ರಾಯ. ವಸತಿಗೃಹದ ಯಜಮಾನನಿಗೆ ಹೇಳಿ ಹೋಗಬಹುದು. ಇಲಾಖೆಯ ಗುರುತಿನ ಚೀಟಿಯುಳ್ಳ ಮಾರ್ಗದರ್ಶಿಯೊಬ್ಬನನ್ನು ಕರೆದುಕೊಳ್ಳಬಹುದು. ನಾಲ್ಕಾರು ಮಂದಿ ಕೂಡಿ ಹತ್ತಬಹುದು. ಇದಾವುದೂ ಒದಗದಿದ್ದರೆ ಹೇಮಕೂಟವಿದೆ. ಅದು ಊರಿಗೆ ಅಂಟಿಕೊಂಡ ತಗ್ಗಾದ ಬಂಡೆಯ ದಿಣ್ಣೆ, ಕೂಗಳತೆಯಲ್ಲಿ ಜನ. ಅಲ್ಲಿನ ಉದಯವನ್ನು ಎರಡನೆಯ ದರ್ಜೆಯದೆಂದು ಹೀಗಳೆಯುವವರು ಬೆಳಕನ್ನಲ್ಲ, ಎತ್ತರವನ್ನು ಕಾಣಬಂದವರಿರಬೇಕು.

ಹೊಳೆಯಾಚೆಯ ಕಥೆಯನ್ನು ಹೇಳುವಾಗ ಲೇಖನಿ ತಡೆಯುತ್ತದೆ. ವಿರೂಪಾಪುರಗಡ್ಡೆಯಲ್ಲಿ ಒತ್ತೊತ್ತಾಗಿ ಬೆಳೆದಿದ್ದ ವಸತಿಗೃಹಗಳು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2020ರಲ್ಲಿ ತೆರವಾದ ಮೇಲೆ, ತರುಣ ಯಾತ್ರಿಕರ ಬಿಡಾರಗಳು ಆನೆಗೊಂದಿ, ಸಣಾಪುರಗಳ ಕಡೆಗೆ, ಗದ್ದೆಗಳ ನಡುವೆ, ಕಾಲುವೆಗಳ ಪಕ್ಕದಲ್ಲಿ ಚೆದುರಿಹೋದುವು. ಪರಂಪರೆಯ ರಕ್ಷಣೆಗೆ ಆ ತೆರವು ಬೇಕಾಗಿತ್ತೆಂದೇ ಇಟ್ಟುಕೊಂಡರೂ, ಒಂದೆಡೆ ಇದ್ದ ಜನ ಹತ್ತೆಡೆ ಹಂಚಿಹೋದಾಗ ದೀಪವೂ ಗಸ್ತೂ ಅವರ ಹಿಂದೆ ಹೋಗಬೇಕಾಗಿತ್ತು. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಬಳಿ ತುಂಗಭದ್ರೆಯ ಕಾಲುವೆಯ ದಡದಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಐವರ ಬಳಿಗೆ ಬೈಕಿನಲ್ಲಿ ಬಂದ ಮೂವರು, ಪೆಟ್ರೋಲು ಎಲ್ಲಿ ಸಿಗುತ್ತದೆಂದು ಮೊದಲು ವಿಚಾರಿಸಿ, ಅನಂತರ ಹಣ ಕೇಳಿ, ಜಗಳಕ್ಕಿಳಿದು, ಗಂಡಸರನ್ನು ಕಾಲುವೆಗೆ ನೂಕಿ, ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರು. ನೀರಿಗೆ ಬಿದ್ದವರಲ್ಲಿ ಒಬ್ಬನು ಬದುಕಿ ಬರಲಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಮೂವರನ್ನು ಬಂಧಿಸಿದರು. ಅಷ್ಟು ಹೊತ್ತಿನಲ್ಲಿ ಆ ಐವರು ಅಲ್ಲಿಗೇಕೆ ಹೋಗಿದ್ದರು ಎಂಬ ಪ್ರಶ್ನೆ ಆಗ ಎಷ್ಟೋ ಬಾಯಿಗಳಿಂದ ಹೊರಟಿತು. ಆಕಾಶವನ್ನು ನೋಡುವುದು ಅಪರಾಧವಲ್ಲ. ಅಪರಾಧದ ಹೊಣೆ ಅಪರಾಧಿಗಳದು, ಹಾಗೂ ಪರಸ್ಥಳದವನ ನಷ್ಟಕ್ಕೆ ಉತ್ತರ ಹೇಳಬೇಕಾದ ವ್ಯವಸ್ಥೆಯದು. ಈ ವಿಷಯದಲ್ಲಿ ಪ್ರೌಢದೇವರಾಯನ ಕೊತ್ವಾಲನ ತರ್ಕ ನಮ್ಮ ನೆರೆಹೊರೆಯ ತರ್ಕಕ್ಕಿಂತ ಸ್ವಚ್ಛವಾಗಿತ್ತೆಂದು ನನಗೆ ತೋರುತ್ತದೆ.

ಇಷ್ಟನ್ನು ಒಪ್ಪಿಕೊಂಡಮೇಲೂ, ಹೊಣೆ ಯಾರದೆಂಬ ಮಾತು ಬೇರೆ, ಪೆಟ್ಟು ಯಾರಿಗೆಂಬ ಮಾತು ಬೇರೆಯಾದುದರಿಂದ, ಆ ಘಟನೆಯ ಕೆಲವು ವಿವರಗಳನ್ನು ಯಾತ್ರಿಕರು ಮನಸ್ಸಿನಲ್ಲಿಡುವುದು ಒಳ್ಳೆಯದು. ಮೊದಲನೆಯ ಪ್ರಶ್ನೆ ನಿರುಪದ್ರವಿಯಾದದ್ದು. ದಾರಿ ಕೇಳುವವನಂತೆ ಬಂದವನು ಉತ್ತರ ಸಿಕ್ಕಮೇಲೂ ನಿಂತೇ ಇದ್ದರೆ, ಮಾತು ಬೆಳೆಸದೆ ದೀಪವಿರುವ ಕಡೆಗೆ ಹೊರಟುಬಿಡಬೇಕು. ಕೇಳಿದ್ದು ಹಣವಾದರೆ ಕೊಟ್ಟು ಕಳೆದುಕೊಳ್ಳುವುದು ಹೇಡಿತನವಲ್ಲ, ಹೆಚ್ಚಿನ ವೇಳೆ ಅದೇ ಜಾಣತನ. ಆದರೆ ಅಷ್ಟರಿಂದಲೇ ಎಲ್ಲವೂ ಮುಗಿಯುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಇನ್ನು ಕಾಲುವೆ. ಇಕ್ಕೆಲದಲ್ಲೂ ಗಿಲಾಯಿ ಮಾಡಿದ ಇಳಿಜಾರು, ಅದರ ಮೇಲೆ ಪಾಚಿ, ಕೆಳಗೆ ಸಮವಾಗಿ ಸದ್ದಿಲ್ಲದೆ ಓಡುವ ನೀರು. ಈಜು ಬಲ್ಲವನೂ ದಡಕ್ಕೆ ಕೈಯೂರಿ ಮೇಲೇಳಲಾರ. ಹೊಳೆಗಿಂತ ಕಾಲುವೆ ಸೌಮ್ಯವಾಗಿ ಕಾಣುವುದೇ ಅದರ ಮೋಸ. ತುರ್ತು ಕರೆಗೆ 112 ಎಂಬ ಸಂಖ್ಯೆಯೇನೋ ಇದೆ. ಬಂಡೆಗಳ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೆಂಬ ನೆಚ್ಚಿಕೆ ಬೇಡ.

ಸಣ್ಣಪುಟ್ಟ ಕಳವುಗಳ ವಿಷಯದಲ್ಲಿ ಹೆಚ್ಚು ಬರೆಯಬೇಕಾದದ್ದಿಲ್ಲ. ಹಂಪಿಯಲ್ಲಿ ಹಾಡುಹಗಲೇ, ಸಾಕ್ಷಿಗಳ ಸಮಕ್ಷಮದಲ್ಲಿಯೇ, ಲವಲೇಶವೂ ನಾಚಿಕೆಯಿಲ್ಲದೆ ಕಳ್ಳತನ ನಡೆಸುವವರು ಕಿಷ್ಕಿಂಧೆಯ ಮೂಲನಿವಾಸಿಗಳಾದ ಕಪಿಗಳು. ಬಾಳೆಹಣ್ಣಿನ ಚೀಲವನ್ನೂ ನೀರಿನ ಬಾಟಲಿಯನ್ನೂ ಕೆಲವೊಮ್ಮೆ ಕನ್ನಡಕವನ್ನೂ ಕಸಿಯುವ ಇವರ ಮೇಲೆ ಯಾವ ದಂಡಸಂಹಿತೆಯೂ ನಡೆಯದು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುವಾಗಲಂತೂ ಇವರ ಪೌರೋಹಿತ್ಯ ತಪ್ಪಿದ್ದಲ್ಲ. ಕಸಿದದ್ದನ್ನು ಮರಳಿ ಎಳೆದುಕೊಳ್ಳಹೋಗಿ ಕಚ್ಚಿಸಿಕೊಂಡರೆ ರೇಬಿಸ್ ಚುಚ್ಚುಮದ್ದಿಗಾಗಿ ಹೊಸಪೇಟೆಯ ಆಸ್ಪತ್ರೆಗೆ ಓಡಬೇಕಾಗುತ್ತದೆ. ಬಾಳೆಹಣ್ಣಿಗೆ ಅಷ್ಟು ಬೆಲೆಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ನಿಧಿಯ ಹುಚ್ಚು. 1565ರ ಜನವರಿಯಲ್ಲಿ ಯುದ್ಧ ಸೋತು, ತಿಂಗಳುಗಟ್ಟಲೆ ಲೂಟಿಯಾದ ಈ ನಗರದಲ್ಲಿ ಇನ್ನೂ ಕೊಪ್ಪರಿಗೆಗಳು ಹೂತಿವೆಯೆಂಬ ಭ್ರಮೆ ನಾಲ್ಕೂವರೆ ಶತಮಾನಗಳಾದರೂ ಇಳಿದಿಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿಯ ನಡುಗಡ್ಡೆಯಾದ ನವಬೃಂದಾವನದಲ್ಲಿ ಕೃಷ್ಣದೇವರಾಯನ ಗುರುಗಳೆಂದು ಪ್ರಸಿದ್ಧರಾದ ವ್ಯಾಸರಾಯರ ಬೃಂದಾವನವನ್ನೇ ನಿಧಿಯಾಸೆಯಿಂದ ದುರಾತ್ಮರು ರಾತ್ರಿಯಲ್ಲಿ ಕೆಡವಿದರು; ಭಕ್ತಜನ ಕೂಡಲೇ ಧಾವಿಸಿಬಂದು ಅದನ್ನು ಪುನಃ ಕಟ್ಟಿ ನಿಲ್ಲಿಸಿದರು. ಗುರುಗಳ ಸಮಾಧಿಗೆ ಹೇಸದವರು ಸಾಕ್ಷಿ ಹೇಳಬಲ್ಲ ದಾರಿಹೋಕನಿಗೆ ಹೇಸುವರೇ? ಆದಕಾರಣ ಸಂಜೆ ಕತ್ತಲಾದಮೇಲೆ ಪಾಳುಗುಡಿಗಳ ಕಡೆ ಗುದ್ದಲಿಯ ಸದ್ದೋ ಬೆಳಕೋ ಕಂಡುಬಂದರೆ, ಕುತೂಹಲವನ್ನು ಅದುಮಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿ ಪೊಲೀಸರಿಗೆ ತಿಳಿಸುವುದು ಲೇಸು. ಹಳೆಯ ನಾಣ್ಯ, ಮುರಿದ ವಿಗ್ರಹವೆಂದು ಗುಟ್ಟಾಗಿ ತೋರಿಸಿ ಮಾರಬರುವವರನ್ನೂ ದೂರವಿಡಬೇಕು: ಅದು ಖೋಟಾ ಆದರೆ ಹಣ ಹೋಯಿತು, ಅಸಲಿಯಾದರೆ ಮಾನ ಹೋಯಿತು. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗೆ ಮೀರಿದ ಬೆಲೆಯದಾದರೆ ಕಲೆಕ್ಟರಿಗೆ ತಿಳಿಸತಕ್ಕದ್ದಾಗಿತ್ತು. ಹತ್ತು ರೂಪಾಯಿಯ ಆ ಮಿತಿ ಈಗ ನಗೆ ತರಿಸಿದರೂ, ಸಿಕ್ಕ ನಿಧಿಯನ್ನು ತಿಳಿಸಬೇಕೆಂಬ ನಿಯಮ ಜೀವಂತವಾಗಿದೆ.

ಬೆಳಗಿನ ಜಾವ ಕಳ್ಳನ ಹೊತ್ತಾದರೆ ಸಂಜೆ ಸಿಡಿಲಿನ ಹೊತ್ತು. ಬಳ್ಳಾರಿ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಅಶ್ವಿನಿ ಭರಣಿ ಕೃತ್ತಿಕಾ ಮಳೆಗಳ ಕಾಲದಲ್ಲಿ, ದಿನವೆಲ್ಲ ಕಾದ ಕಣಶಿಲೆಯ ಬೆಟ್ಟಗಳ ಮೇಲಿನ ಗಾಳಿ ಹಗುರಾಗಿ ಮೇಲೇರಿ, ತೇವವನ್ನು ಎತ್ತರಕ್ಕೆ ಒಯ್ದು, ಮಧ್ಯಾಹ್ನ ಮೂರರ ಸುಮಾರಿಗೆ ದಿಗಂತದಲ್ಲಿ ಹೂಕೋಸಿನಂತೆ ಉಬ್ಬುವ ಬಿಳಿಯ ಮೋಡವಾಗಿ, ಬುಡ ಕಪ್ಪಾಗಿ, ನಾಲ್ಕೈದರ ವೇಳೆಗೆ ಧೂಳೆಬ್ಬಿಸುವ ಬಿರುಗಾಳಿಯೊಡನೆ ಬಂದೆರಗುತ್ತದೆ. ಅಡ್ಡಮಳೆಯೆಂದು ಜನ ಕರೆಯುವ ಈ ಮಳೆ ಅರ್ಧ ಗಂಟೆ ಸುರಿದರೆ ಹೆಚ್ಚು. ಸಿಡಿಲು ಮಾತ್ರ ಧಾರಾಳ. ಹಿಂಗಾರಿನ ಚಿತ್ತಾ ಸ್ವಾತಿಗಳಲ್ಲಿ ಇದೇ ಆಟ ಇನ್ನೊಮ್ಮೆ ನಡೆಯುತ್ತದೆ. ಈ ಹೊತ್ತಿಗೇ ಸರಿಯಾಗಿ ಸೂರ್ಯಾಸ್ತವನ್ನು ಕಾಣುವ ಹಂಬಲದಿಂದ ಜನ ಎತ್ತರದ ಬೆಟ್ಟಗಳ ತುದಿಗೆ ಹತ್ತಿ ಕುಳಿತಿರುತ್ತಾರೆ. ಸಿಡಿಲಿಗೆ ಸುತ್ತಮುತ್ತಲಿನ ಅತ್ಯುನ್ನತವಾದ ವಸ್ತುವಿನ ಮೇಲೆ ಪಕ್ಷಪಾತ. ಬೋಳುಬಂಡೆಯ ನೆತ್ತಿಯ ಮೇಲೆ ನಿಂತ ಮನುಷ್ಯನೇ ಆ ಅತ್ಯುನ್ನತ ವಸ್ತು.

ಮಿಂಚನ್ನು ಕಂಡಕೂಡಲೇ ಎಣಿಸಲು ತೊಡಗಬೇಕು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ಮೂರು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರು ದೂರದಲ್ಲಿದೆ. ಮೂವತ್ತು ಎಣಿಸುವುದರೊಳಗಾಗಿ ಕೇಳಿದರೆ ಹತ್ತು ಕಿಲೋಮೀಟರಿನೊಳಗಿದೆ, ಮುಂದಿನದು ನಮ್ಮ ತಲೆಯ ಮೇಲೆಯೇ ಬೀಳಬಹುದಾದಷ್ಟು ಹತ್ತಿರ. ನಾವು ನಿಂತಲ್ಲಿ ಮಳೆ ಇಲ್ಲದಿರಬಹುದು, ನೆತ್ತಿಯ ಮೇಲೆ ನೀಲಿ ಆಕಾಶವೇ ಇರಬಹುದು. ಇಳಿಯುವುದಕ್ಕೆ ಅದೇ ಸಮಯ. ಆದರೆ ಇಳಿದು ಸೇರುವುದೆಲ್ಲಿಗೆ? ಹಂಪಿಗೆ ಹೊಸಬನಾದವನ ಕಾಲು ತಾನಾಗಿಯೇ ಹತ್ತಿರದ ಮಂಟಪದತ್ತ ಓಡುತ್ತದೆ. ಮಳೆಯಿಂದ ಮಂಟಪ ಕಾಪಾಡೀತು, ಸಿಡಿಲಿನಿಂದ ಕಾಪಾಡಲಾರದು. ಗೋಡೆಯಿಲ್ಲ, ಮಿಂಚುವಾಹಕವಿಲ್ಲ, ಚಾವಣಿಗೆ ಎರಗಿದ ವಿದ್ಯುತ್ತು ನೆನೆದ ಕಂಬದ ಮೈಮೇಲೆ ಇಳಿದು, ಕಂಬಕ್ಕೊರಗಿ ನಿಂತವನ ಶರೀರಕ್ಕೆ ಹಾರುವುದು ಅದಕ್ಕೆ ಬಹು ಸುಲಭ. ಹಂಪಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಕಲ್ಲುಗುಂಡಿನ ಚಾಚು, ಗವಿಯ ಬಾಯಿ ಇವು ಇನ್ನೂ ಕೇಡು. ಬಂಡೆಯ ಮೇಲೆ ಹರಿದುಬಂದ ವಿದ್ಯುತ್ತು ಆ ಸಂದನ್ನು ದಾಟುವಾಗ ನಡುವೆ ಕುಳಿತ ಮನುಷ್ಯನನ್ನೇ ಸೇತುವೆ ಮಾಡಿಕೊಳ್ಳಬಹುದು. ನಿಜವಾದ ಆಶ್ರಯ ಎರಡೇ: ಗೋಡೆ ಚಾವಣಿಗಳುಳ್ಳ, ಜನ ವಾಸಿಸುವ ಕಟ್ಟಡ, ಇಲ್ಲವೆ ಗಾಜು ಏರಿಸಿದ, ಲೋಹದ ಮೈಯ ಕಾರು ಅಥವಾ ಬಸ್ಸು. ಎರಡೂ ದೂರವಾದರೆ ಒಂಟಿಮರ, ಕಂಬ, ತಂತಿಬೇಲಿಗಳನ್ನು ಬಿಟ್ಟು ತಗ್ಗಿನ ಜಾಗದಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಕೂಡದು. ಗುಂಪಾಗಿದ್ದರೆ ಒಬ್ಬರಿಗೊಬ್ಬರು ಅಂತರ ಬಿಟ್ಟಿರಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆಯವರೆಗೂ ಕದಲಬಾರದು. ಮಳೆ ನಿಂತಿತೆಂದು ಕೂಡಲೇ ಫೋಟೋ ತೆಗೆಯಲು ಹೊರಡುವವರಿಗೆ ಈ ನಿಯಮ ಎಷ್ಟು ಹೇಳಿದರೂ ರುಚಿಸುವುದಿಲ್ಲ.

ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂಬ ಅಂಜಿಕೆ ಹಳ್ಳಿಪಟ್ಟಣಗಳಲ್ಲಿ ಸಮನಾಗಿದೆ. ಅದು ನಿಜವಲ್ಲ. ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು. ಉಸಿರು ನಾಡಿಗಳಿಲ್ಲದಿದ್ದರೆ ಎದೆಯನ್ನು ಒತ್ತುತ್ತ 108ರ ಆಂಬುಲೆನ್ಸಿಗೆ ಕರೆಮಾಡಬೇಕು, ಅನೇಕರು ಹೀಗೆ ಬದುಕಿದ್ದಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ‘ಸಿಡಿಲು’ ಎಂಬ ಆ್ಯಪೂ ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ಯೂ ಮುಂಗಡ ಎಚ್ಚರಿಕೆಯನ್ನು ಕೊಡುತ್ತವೆ, ಹೊಸಪೇಟೆಯ ನಿಲ್ದಾಣದಲ್ಲಿ ರೈಲಿಳಿಯುವ ಮೊದಲೇ ಇವನ್ನು ಹಾಕಿಕೊಂಡಿರುವುದು ವಾಸಿ.

ಮಂಟಪದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. 2024ರ ಮೇ ತಿಂಗಳ ಮಳೆಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ರಥಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿದ್ದಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು, ತೂಕದಿಂದಲೇ ನಿಲ್ಲಿಸಿದ ಈ ಕಟ್ಟಡಗಳು ಶತಮಾನಗಳ ಬಿಸಿಲನ್ನು ಸಹಿಸಿವೆ; ಆದರೆ ತಳಹದಿಯ ಮಣ್ಣು ನೆನೆದು ಒಂದಂಗುಲ ಜಾರಿದರೆ ತೂಕವೇ ಅವಕ್ಕೆ ಶತ್ರು. ಆದಕಾರಣ ವಾಲಿದ ಕಂಬಗಳಿಗೆ ಇಲಾಖೆಯವರು ಆಸರೆ ಕೊಟ್ಟು ಹಗ್ಗ ಕಟ್ಟಿದ ಕಡೆಗಳಲ್ಲಿ, ಮಳೆಯಿಂದ ತಪ್ಪಿಸಿಕೊಳ್ಳಲು ಹಗ್ಗದ ಆಚೆಗೆ ನುಸುಳುವುದು ಒಂದು ಅಪಾಯದಿಂದ ಇನ್ನೊಂದಕ್ಕೆ ಓಡಿದಂತೆ.

ಇನ್ನು ಹೊಳೆ. ಸಿಡಿಲು ಗದ್ದಲ ಮಾಡಿ ಬರುತ್ತದೆ. ತುಂಗಭದ್ರೆ ನಿರ್ಮಲವಾದ ಆಕಾಶದ ಕೆಳಗೆ ಏರುತ್ತದೆ. ಹಂಪಿ ಮಳೆನೆರಳಿನ ಸೀಮೆ; ಅಲ್ಲಿನ ಪ್ರವಾಹಕ್ಕೆ ಅಲ್ಲಿನ ಮಳೆ ಕಾರಣವಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಭದ್ರೆಯರು ಕೂಡಲಿಯಲ್ಲಿ ಸಂಗಮಿಸಿ ಹರಿದುಬಂದು, ಹೊಸಪೇಟೆಯ ಮೇಲಿನ ಅಣೆಕಟ್ಟಿನಲ್ಲಿ ತುಂಬಿ ನಿಲ್ಲುತ್ತಾರೆ. ಮಲೆನಾಡಿನಲ್ಲಿ ಮಳೆ ಜೋರಾಗಿ ಒಳಹರಿವು ಹೆಚ್ಚಿದ ದಿನ, 33 ಕ್ರಸ್ಟ್ ಗೇಟುಗಳಲ್ಲಿ ಬೇಕಾದಷ್ಟನ್ನು ಎತ್ತಿ ನೀರನ್ನು ಬಿಡುತ್ತಾರೆ. ಆ ನೀರು ಬಂದು ಸೇರುವುದು ವಿರೂಪಾಕ್ಷನ ಸ್ನಾನಘಟ್ಟಕ್ಕೆ, ಚಕ್ರತೀರ್ಥಕ್ಕೆ, ಪುರಂದರ ಮಂಟಪಕ್ಕೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗೆ ತುಸು ಹೆಚ್ಚು. ಲಕ್ಷ ಕ್ಯುಸೆಕ್ ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದಾಗ, ಕಣ್ಣು ಮಿಟುಕಿಸುವುದರೊಳಗೆ 28 ಲಕ್ಷ ಲೀಟರು ನೀರು ಆ ಕಲ್ಲಿನ ಕೊರಕಲಿನಲ್ಲಿ ನುಗ್ಗುವುದನ್ನು ಕಲ್ಪಿಸಿಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಹೀಗೆ ನೀರು ಬಂದಾಗ ವಿರೂಪಾಪುರಗಡ್ಡೆ ನಾಲ್ಕೂ ಕಡೆ ಸುತ್ತುವರಿಯಲ್ಪಟ್ಟು, ನೂರಾರು ಯಾತ್ರಿಕರನ್ನು ದೋಣಿ ಹೆಲಿಕಾಪ್ಟರುಗಳಿಂದ ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿಯಂತೂ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಒಂದು ವಾರದ ಮೇಲೆ ಪರಿಣತರು ತಾತ್ಕಾಲಿಕ ಗೇಟನ್ನು ಕೂರಿಸುವವರೆಗೂ ಕೆಳದಂಡೆಯ ಊರುಗಳು ಕಣ್ಣಿಗೆ ನಿದ್ದೆ ಹತ್ತದೆ ಕಾದವು. ಜುಲೈಯಿಂದ ಅಕ್ಟೋಬರಿನವರೆಗೆ ಹಂಪಿಗೆ ಹೋಗುವವರು ಅಲ್ಲಿನ ಮಳೆಯನ್ನು ವಿಚಾರಿಸುವುದಕ್ಕಿಂತ ಅಣೆಕಟ್ಟಿನ ಹೊರಹರಿವನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ. ಸ್ಥಳೀಯರಿಗೆ ಇದಕ್ಕೊಂದು ಸರಳವಾದ ಅಳತೆಯುಂಟು: ಪುರಂದರ ಮಂಟಪದ ಕಂಬಗಳು ಎಷ್ಟು ಮುಳುಗಿವೆ ಎಂದು ನೋಡುತ್ತಾರೆ.

ನೀರು ಇಳಿದಿರುವ ಕಾಲದಲ್ಲೂ ಈ ಹೊಳೆಯನ್ನು ನಂಬುವ ಹಾಗಿಲ್ಲ. ಬಂಡೆಗಳ ಅಡಿಯಲ್ಲಿ ನೀರು ಕೊರೆದ ಪೊಟರೆಗಳು, ಸುಳಿಗಳು, ನುಣುಪಾದ ಅಂಚುಗಳು. ಮೇಲಿಂದ ನೋಡಿದರೆ ಮಡುವು ಪ್ರಶಾಂತ. 2025ರ ಫೆಬ್ರವರಿಯಲ್ಲಿ ಸಣಾಪುರದ ಬಳಿ ಬಂಡೆಯ ಮೇಲಿಂದ ಮೋಜಿಗೆಂದು ನೀರಿಗೆ ಧುಮುಕಿದ ತರುಣಿಯೊಬ್ಬಳು ಹಾಗೆಯೇ ಪ್ರವಾಹದ ಪಾಲಾದಳು. ಮೊಸಳೆಗಳಿವೆಯೆಂಬ ಫಲಕಗಳನ್ನು ಅಲಂಕಾರಕ್ಕಾಗಿ ನೆಟ್ಟಿರುವುದಲ್ಲ. ದಾಟುವುದಾದರೆ ಹರಿಗೋಲಿದೆ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸನು, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂತಹ ದುಂಡನೆಯ ದೋಣಿಗಳಲ್ಲಿ ಜನ ಆನೆಗೊಂದಿಗೆ ದಾಟುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಚರ್ಮದ ಸ್ಥಾನದಲ್ಲಿ ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ, ಉಳಿದದ್ದು ಅಂದಿನಂತೆಯೇ. ಅಂಬಿಗನು ಇವತ್ತು ಬೇಡ ಸ್ವಾಮಿ ಎಂದರೆ, ಹೆಚ್ಚಿನ ಕೂಲಿಯ ಆಸೆ ತೋರಿಸಿ ಅವನನ್ನು ಒಪ್ಪಿಸಕೂಡದು. ಜೀವರಕ್ಷಕ ಜಾಕೆಟ್ಟು ಇಲ್ಲದ ಹರಿಗೋಲನ್ನೂ ಹತ್ತಕೂಡದು. ಬುಕ್ಕಸಾಗರದ ಕಡೆಯ ಸೇತುವೆಯಿಂದ ಬಳಸಿ ಹೋದರೆ ತಡವಾಗುತ್ತದೆ, ಅಷ್ಟೆ. ಸಂಜೆಯ ದೋಣಿ ತಪ್ಪಿದವರಿಗೂ ಅದೇ ಗತಿ; ದಡದಲ್ಲಿ ಕತ್ತಲಲ್ಲಿ ನಿಂತು ಹರಿಗೋಲಿಗಾಗಿ ಕೂಗುವುದಕ್ಕಿಂತ ಆಟೋದವನೊಡನೆ ಚೌಕಾಸಿ ಮಾಡುವುದು ಕ್ಷೇಮ. ಕತ್ತಲಾದಮೇಲೆ ಬೆಟ್ಟಗಳ ಸೆರಗಿನಲ್ಲಿ ಕರಡಿ ಚಿರತೆಗಳೂ ಅಡ್ಡಾಡುತ್ತವೆ. ದರೋಜಿಯ ಕರಡಿಧಾಮ ಅಲ್ಲಿಗೆ ದೂರವೇನಲ್ಲ.

ಈವರೆಗೆ ಯಾತ್ರಿಕನನ್ನು ಅಪಾಯಕ್ಕೊಳಗಾಗುವವನೆಂದೇ ಎಣಿಸಿ ಬರೆದದ್ದಾಯಿತು. ಅವನೇ ಅಪರಾಧಿಯಾದ ನಿದರ್ಶನವೂ ಇದೆ. 2019ರ ಫೆಬ್ರವರಿಯಲ್ಲಿ ಕೆಲವರು ತರುಣರು ವಿಷ್ಣು ದೇವಾಲಯವೊಂದರ ಆವರಣದ ಕಂಬವನ್ನು ನೂಕಿ ಬೀಳಿಸುವ ವಿಡಿಯೋ ದೇಶದಲ್ಲೆಲ್ಲ ಹರಡಿತು. ಹೊಸಪೇಟೆಯ ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿಗಳ ದಂಡವನ್ನು ವಿಧಿಸಿದ್ದಲ್ಲದೆ, ಬೀಳಿಸಿದ್ದನ್ನು ಅವರೇ ಎತ್ತಿ ನಿಲ್ಲಿಸತಕ್ಕದ್ದೆಂದು ಆಜ್ಞೆ ಮಾಡಿತು. ಕಾನೂನಿನ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸವನ್ನೂ ಕೊಡಬಹುದಾಗಿತ್ತು. ಆದರೆ ಬಿಸಿಲಿನಲ್ಲಿ ಬೆವರು ಸುರಿಸಿ ಕಲ್ಲು ಎತ್ತುವ ಶಿಕ್ಷೆಯಲ್ಲಿ, ಕಳೆದದ್ದನ್ನು ಕಾವಲಿನವರಿಂದ ಕಟ್ಟಿಸಿಕೊಡುತ್ತಿದ್ದ ಹಳೆಯ ಕೊತ್ವಾಲನ ಛಾಯೆ ಕಾಣುತ್ತದೆಂದು ನನಗೆ ಅದು ಬಹಳ ಹಿಡಿಸಿತು.

ಇಷ್ಟೆಲ್ಲ ಓದಿ ಹಂಪಿಯ ಪ್ರಯಾಣವನ್ನೇ ಕೈಬಿಡುವವರು ಯಾರೂ ಇರಲಾರರೆಂದು ನಂಬುತ್ತೇನೆ. ಪಾಯೆಸನು ನಗರವನ್ನು ಕಾಣಲು ಒಂದು ಬೆಟ್ಟವನ್ನು ಹತ್ತಿ, ಅದು ಗುಡ್ಡಸಾಲುಗಳ ನಡುವೆ ಹರಡಿರುವುದರಿಂದ ಪೂರ್ತಿಯಾಗಿ ಕಾಣಲಾಗಲಿಲ್ಲವೆಂದು ಬರೆದುಕೊಂಡ. ಒಂದೇ ಸಂಜೆಗೆ ಎಲ್ಲವನ್ನೂ ಕಾಣಬೇಕೆಂಬ ಧಾವಂತವೇ ಕತ್ತಲಲ್ಲಿ ಅಡ್ಡದಾರಿ ಹಿಡಿಸುವುದೂ, ಗುಡುಗುವ ಮುಗಿಲಿನ ಕೆಳಗೆ ಬೆಟ್ಟ ಹತ್ತಿಸುವುದೂ ಆದುದರಿಂದ, ಒಂದು ದಿನವನ್ನು ಎರಡು ಮಾಡಿಕೊಳ್ಳಲು ಅನುಕೂಲವುಳ್ಳವರು ಮಾಡಿಕೊಳ್ಳಲಿ: ವಿಠ್ಠಲ ದೇವಾಲಯ, ತಾವರೆ ಮಹಲುಗಳನ್ನು ಬೆಳಗ್ಗೆ ಬೆಳಕಾದ ಮೇಲೆ ನೋಡಿ, ಮಧ್ಯಾಹ್ನ ಮೋಡ ಕಟ್ಟುವ ಹೊತ್ತಿಗೆ ಕಮಲಾಪುರದ ವಸ್ತುಸಂಗ್ರಹಾಲಯವನ್ನು ಸೇರಿಕೊಳ್ಳಬಹುದು. ಗಟ್ಟಿ ಚಾವಣಿಯ ಆ ಕಟ್ಟಡದಲ್ಲಿ ಹಂಪಿಯ ಇಡೀ ಭೂಪ್ರದೇಶದ ಮಾದರಿಯೊಂದನ್ನು ನಿರ್ಮಿಸಿಟ್ಟಿದ್ದಾರೆ. ಮತಂಗ ಎಲ್ಲಿ, ರಸ್ತೆ ಎಲ್ಲಿ, ಹೊಳೆ ಯಾವ ಕಡೆಗೆ ಬಾಗುತ್ತದೆ, ಯಾವ ಗುಡಿಯಿಂದ ಜನವಸತಿಗೆ ಎಷ್ಟು ದೂರ ಎಂಬುದೆಲ್ಲ ಅದರ ಸುತ್ತ ಒಂದು ಪ್ರದಕ್ಷಿಣೆ ಬರುವುದರಲ್ಲಿ ಮನಸ್ಸಿಗೆ ನೆಲೆಗೊಳ್ಳುತ್ತದೆ, ಮರುದಿನದ ಹಾದಿಯನ್ನು ಅಲ್ಲಿಯೇ ಗೊತ್ತುಮಾಡಿಕೊಳ್ಳಲೂ ಬಹುದು. ಶುಕ್ರವಾರ ಮಾತ್ರ ಅದಕ್ಕೆ ರಜೆ.